ಚಂದ್ರಗುಪ್ತ ಬಸದಿಯ ಜಾಲಂಧ್ರಗಳು

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಚಿತ್ರದರ್ಶನವೆಂಬ ಪ್ರಸಂಗವೊಂದುಂಟು. ಜನಕಮಹಾರಾಜನು ಮಿಥಿಲೆಗೆ ಹಿಂದಿರುಗಿದ್ದಾನೆ. ತಂದೆಯ ಅಗಲಿಕೆಯಿಂದ ಖಿನ್ನಳಾದ ಸೀತೆಗೆ, ಚಿತ್ರಕಾರನು ಬರೆದಿರುವ ರಾಮನ ಪೂರ್ವವೃತ್ತಾಂತವನ್ನು ಲಕ್ಷ್ಮಣನು ಒಂದೊಂದಾಗಿ ತೋರಿಸುತ್ತಾನೆ. ವಿವಾಹದ ಚಿತ್ರವು ಬಂದಾಗ ಆತನು ಸೀತೆಯನ್ನೂ ಮಾಂಡವಿಯನ್ನೂ ಶ್ರುತಕೀರ್ತಿಯನ್ನೂ ಹೆಸರಿಸಿ, ತನ್ನ ಮಡದಿಯಾದ ಊರ್ಮಿಳೆಯನ್ನು ಬಿಡುತ್ತಾನೆ. ಸೀತೆ ನಗುತ್ತ ಕೇಳಿದರೆ ನಾಚಿ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾನೆ. ಮುಂದೆ ಮಂಥರೆಯ ಚಿತ್ರವು ಬಂದಾಗ ರಾಮನು ಉತ್ತರವನ್ನೇ ಕೊಡದೆ ಶೃಂಗವೇರಪುರದ ಕಡೆಗೆ ಸೀತೆಯ ದೃಷ್ಟಿಯನ್ನು ಸೆಳೆಯುತ್ತಾನೆ. ತಮ್ಮನು ಬಿಟ್ಟದ್ದು ಲಜ್ಜೆಯಿಂದ, ಅಣ್ಣನು ಬಿಟ್ಟದ್ದು ಔದಾರ್ಯದಿಂದ. ಎರಡೂ ಪ್ರಶಂಸನೀಯವೇ. ಆದರೂ ತನ್ನ ಚರಿತ್ರೆಯನ್ನು ತಾನೇ ಚಿತ್ರದಲ್ಲಿ ತೋರಿಸುವವನು ಕೆಲವನ್ನು ಎತ್ತಿ ತೋರುವನು, ಕೆಲವನ್ನು ದಾಟಿ ಹೋಗುವನು ಎಂಬ ಸಂಗತಿಯನ್ನು ಕವಿಯು ಎಷ್ಟು ಸಹಜವಾಗಿ ಸೂಚಿಸಿದ್ದಾನೆಂಬುದನ್ನು ಸಹೃದಯರು ಗಮನಿಸಬೇಕು.

ಒಬ್ಬ ವ್ಯಕ್ತಿಗೆ ಸಲ್ಲುವ ಈ ಮಾತು ಒಂದು ಸಂಘಕ್ಕೂ ಸಲ್ಲುತ್ತದೆ. ಮಠವೆಂಬುದು ಗುರುಶಿಷ್ಯಪರಂಪರೆಯಿಂದ ಬಾಳುವ ಸಂಸ್ಥೆ. ರಾಜನಿಗೆ ರಕ್ತದ ವಂಶವುಂಟು. ಸನ್ಯಾಸಿಗೆ ಉಪದೇಶದ ವಂಶವೇ ಗತಿ. ಆದುದರಿಂದ ತನ್ನ ಮೂಲಪುರುಷನು ಯಾರು, ಆತನು ಈ ನೆಲಕ್ಕೆ ಹೇಗೆ ಬಂದನು, ಯಾವ ಅರಸನು ಆತನಿಗೆ ತಲೆಬಾಗಿದನು ಎಂಬುದನ್ನು ಮಠವು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗುತ್ತದೆ. ಹೇಳಿಕೊಳ್ಳುವುದಕ್ಕೆ ಶಾಸನವೂ ಕಾವ್ಯವೂ ಸಾಧನಗಳು. ಅವುಗಳ ಜೊತೆಗೆ ಶಿಲ್ಪವೂ ಚಿತ್ರವೂ ಸೇರಿದಾಗ ಆ ಚರಿತ್ರೆಗೆ ಹೊಸದೊಂದು ಬಲ ಬರುತ್ತದೆ. ಕನ್ನಡನಾಡಿನಲ್ಲಿ ಇದಕ್ಕೆ ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಮೇಲಿರುವ ಚಂದ್ರಗುಪ್ತ ಬಸದಿಯ ಎರಡು ಜಾಲಂಧ್ರಗಳಿಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ.

ಈ ಬಸದಿಯು ಬೆಟ್ಟದ ಬಸದಿಗಳಲ್ಲೆಲ್ಲ ಅತ್ಯಂತ ಚಿಕ್ಕದು. ಒಂದೇ ಸಾಲಿನಲ್ಲಿ ಮೂರು ಗರ್ಭಗೃಹಗಳು. ನಡುವೆ ಪಾರ್ಶ್ವನಾಥ, ಇಕ್ಕೆಲಗಳಲ್ಲಿ ಪದ್ಮಾವತಿ ಮತ್ತು ಕೂಷ್ಮಾಂಡಿನಿ. ಮೊದಲು ಇದರ ಮುಂದೆ ಕಿರಿದಾದ ಒಂದು ಮೊಗಸಾಲೆ ಮಾತ್ರವಿತ್ತು. ಅನಂತರದ ಕಾಲದಲ್ಲಿ ಮುಂಭಾಗಕ್ಕೆ ಅಲಂಕೃತವಾದ ಬಾಗಿಲುವಾಡವನ್ನೂ ಅದರ ಎರಡು ಪಕ್ಕಗಳಲ್ಲಿ ಕಲ್ಲಿನ ಜಾಲಂಧ್ರಗಳನ್ನೂ ಇರಿಸಿದರು. ಪಕ್ಕದಲ್ಲಿಯೇ ಹೊಯ್ಸಳ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ೧೧೧೮ರಲ್ಲಿ ಮಾಡಿಸಿದ ಕತ್ತಲೆ ಬಸದಿ. ಜಾಲಂಧ್ರಗಳಲ್ಲಿ ಚೌಕವಾದ ಕಂಡಿಗಳ ನಡುವೆ ಸಣ್ಣ ಸಣ್ಣ ಚಿತ್ರಫಲಕಗಳನ್ನು ಸಾಲುಸಾಲಾಗಿ ಕೊರೆದಿದೆ. ಎರಡೂ ಕಡೆ ಸೇರಿ ಫಲಕಗಳ ಸಂಖ್ಯೆ ೯೦. ಶ್ರುತಕೇವಲಿ ಭದ್ರಬಾಹುವಿನ ಮತ್ತು ಮೌರ್ಯ ಚಂದ್ರಗುಪ್ತನ ಚರಿತ್ರೆಯೇ ಅವುಗಳ ವಸ್ತು.

ಕಥೆಯು ಬಲ್ಲವರಿಗೆ ಹೊಸದಲ್ಲ. ಹನ್ನೆರಡು ವರ್ಷಗಳ ಕ್ಷಾಮವು ಬರುವುದೆಂದು ನಿಮಿತ್ತಜ್ಞಾನದಿಂದ ತಿಳಿದ ಭದ್ರಬಾಹುಸ್ವಾಮಿಯು ಮುನಿಸಂಘವನ್ನು ಉತ್ತರಾಪಥದಿಂದ ದಕ್ಷಿಣಕ್ಕೆ ಕರೆತಂದನು. ರಾಜ್ಯವನ್ನು ತೊರೆದು ದೀಕ್ಷೆಯನ್ನು ಪಡೆದ ಚಂದ್ರಗುಪ್ತನು ಗುರುವನ್ನು ಹಿಂಬಾಲಿಸಿದನು. ಈ ಬೆಟ್ಟದ ಮೇಲೆ ಗುರುವು ಸಮಾಧಿಮರಣವನ್ನು ಹೊಂದಿದನು. ಶಿಷ್ಯನು ಕೊನೆಯವರೆಗೆ ಶುಶ್ರೂಷೆ ಮಾಡಿ, ಗುರುಪಾದಗಳನ್ನು ಪೂಜಿಸುತ್ತ, ತಾನೂ ಇಲ್ಲಿಯೇ ದೇಹವನ್ನು ಬಿಟ್ಟನು. ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಆತನಿಂದಲೇ ಬಂದಿತೆಂದು ಪ್ರತೀತಿ. ಭದ್ರಬಾಹುವಿನ ಗುಹೆಯಲ್ಲಿ ಪಾದಗಳಿಗೆ ಇಂದಿಗೂ ಪೂಜೆಯುಂಟು.

ಈ ಕಥೆಗೆ ಬರವಣಿಗೆಯ ಆಧಾರಗಳೇನು? ಎಲ್ಲಕ್ಕೂ ಹಿಂದಿನದು ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲೆ ಸುಮಾರು ಕ್ರಿ. ಶ. ೬೦೦ರಲ್ಲಿ ಕೊರೆದ ಸಂಸ್ಕೃತ ಶಾಸನ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಕ್ಷಾಮವನ್ನು ಮುಂತಿಳಿದುದನ್ನೂ, ಸಂಘವು ದಕ್ಷಿಣಕ್ಕೆ ಬಂದುದನ್ನೂ, ಕಟವಪ್ರವೆಂಬ ಈ ಬೆಟ್ಟದಲ್ಲಿ ಪ್ರಭಾಚಂದ್ರನೆಂಬ ಆಚಾರ್ಯನು ಒಬ್ಬನೇ ಶಿಷ್ಯನೊಡನೆ ನಿಂತು ಸಮಾಧಿಯನ್ನು ಸಾಧಿಸಿದುದನ್ನೂ ಅದು ಹೇಳುತ್ತದೆ. ಚಂದ್ರಗುಪ್ತನೆಂಬ ಹೆಸರು ಅದರಲ್ಲಿಲ್ಲ. ೧೮೮೯ರಲ್ಲಿ ಬೆಳ್ಗೊಳದ ಶಾಸನಗಳನ್ನು ಪ್ರಕಟಿಸಿದ ರೈಸ್ ಮಹಾಶಯನು ಪ್ರಭಾಚಂದ್ರನೆಂಬುದು ಚಂದ್ರಗುಪ್ತನ ದೀಕ್ಷಾನಾಮವೆಂದು ಬಗೆದನು. ಫ್ಲೀಟ್ ಪಂಡಿತನು ಅದನ್ನು ಒಪ್ಪಲಿಲ್ಲ. ಸುಮಾರು ೬೫೦ರ ಇನ್ನೊಂದು ಶಾಸನದಲ್ಲಿ ಭದ್ರಬಾಹು ಚಂದ್ರಗುಪ್ತರೆಂಬ ಮುನಿಯುಗ್ಮವು ಕಾಣಿಸಿಕೊಳ್ಳುತ್ತದೆ. ಶ್ರೀರಂಗಪಟ್ಟಣದ ಸೀಮೆಯ ಸುಮಾರು ೯೦೦ರ ಶಾಸನಗಳು ಕಳ್ಬಪ್ಪು ಬೆಟ್ಟದ ಶಿಖರವು ಆ ಇಬ್ಬರ ಪಾದಚಿಹ್ನೆಗಳಿಂದ ಪವಿತ್ರವಾದುದೆಂದು ಹೊಗಳುತ್ತವೆ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಭದ್ರಬಾಹುವಿನ ಬಳಿಕ ಚಂದ್ರಗುಪ್ತನೂ, ಅಲ್ಲಿಂದ ಮುಂದೆ ಕುಂದಕುಂದ, ಸಮಂತಭದ್ರ, ಅಕಲಂಕ ಮೊದಲಾದವರೂ ಗುರುಮಾಲೆಯ ಮಣಿಗಳಾಗಿ ಬರುತ್ತಾರೆ. ಐದು ಶತಮಾನಗಳಲ್ಲಿ ಕಥೆಯು ಹೇಗೆ ಮೈತುಂಬಿಕೊಂಡಿತೆಂಬುದು ಇದರಿಂದ ವಿಶದವಾಗುತ್ತದೆ.

ಗ್ರಂಥಗಳಲ್ಲಾದರೋ ಏಕವಾಕ್ಯತೆಯಿಲ್ಲ. ೯೩೧ರಲ್ಲಿ ಹರಿಷೇಣನು ರಚಿಸಿದ ಬೃಹತ್ಕಥಾಕೋಶದ ಪ್ರಕಾರ ಭದ್ರಬಾಹುವು ದಕ್ಷಿಣಕ್ಕೆ ಬರಲೇ ಇಲ್ಲ. ಉಜ್ಜಯಿನಿಯ ಸಮೀಪದಲ್ಲಿಯೇ ಸಮಾಧಿಯನ್ನು ಹೊಂದಿದನು. ದೀಕ್ಷೆ ಪಡೆದು ವಿಶಾಖಾಚಾರ್ಯನೆನಿಸಿದ ಚಂದ್ರಗುಪ್ತನು ಸಂಘವನ್ನು ಪುನ್ನಾಟಕ್ಕೆ ನಡೆಸಿದನು. ಸುಮಾರು ೧೬೮೦ರ ಚಿದಾನಂದಕವಿಯ ಮುನಿವಂಶಾಭ್ಯುದಯದಲ್ಲಿ ಭದ್ರಬಾಹುವು ಚಿಕ್ಕಬೆಟ್ಟಕ್ಕೆ ಬಂದು ಹುಲಿಯ ಬಾಯಿಗೆ ಸಿಕ್ಕಿ ಮಡಿಯುತ್ತಾನೆ. ಚಂದ್ರಗುಪ್ತನು ತೀರ್ಥಯಾತ್ರೆಗೆಂದು ಬಂದು ದಕ್ಷಿಣಾಚಾರ್ಯನಿಂದ ದೀಕ್ಷೆ ಪಡೆಯುತ್ತಾನೆ. ೧೮೩೮ರಲ್ಲಿ ದೇವಚಂದ್ರನು ಬರೆದ ರಾಜಾವಳೀಕಥೆಯಲ್ಲಿ ಆತನು ಪಾಟಲೀಪುತ್ರದ ಅರಸು. ಹದಿನಾರು ಕನಸುಗಳನ್ನು ಕಂಡು, ಅವುಗಳ ಫಲವನ್ನು ಭದ್ರಬಾಹುವಿನಿಂದ ಕೇಳಿ ವಿರಕ್ತನಾಗುತ್ತಾನೆ. ಒಂದೇ ಮತದ, ಒಂದೇ ಭಕ್ತಿಯ ಲೇಖಕರಲ್ಲಿ ಇಷ್ಟು ಭೇದ.

ಶಿಲ್ಪವು ಎಸಗಿದ ಕಾರ್ಯವು ಇಲ್ಲಿಯೇ ವ್ಯಕ್ತವಾಗುತ್ತದೆ. ಶಬ್ದಕ್ಕೆ ಸಂದೇಹವನ್ನು ಹೊತ್ತು ನಡೆಯುವ ಶಕ್ತಿಯುಂಟು. "ಎಂದು ಕೇಳಿಬರುತ್ತದೆ" ಎನ್ನಬಹುದು, "ಕೆಲವರ ಮತವಿದು" ಎನ್ನಬಹುದು. ಆರುನೂರರ ಶಾಸನದಂತೆ ಪಂಡಿತರು ಎರಡು ಬಗೆಯಲ್ಲಿ ಅನ್ವಯಿಸುವ ಹಾಗೆ ವಾಕ್ಯವನ್ನು ಹೆಣೆಯಬಹುದು. ಕಲ್ಲಿಗೆ ಆ ಸೌಕರ್ಯವಿಲ್ಲ. ಗುರುವು ಬೆಟ್ಟದ ಮೇಲೆ ಇದ್ದನೆಂದು ಕೊರೆದರೆ ಇದ್ದನು. ಅರಸನು ಕಾಲಿಗೆರಗಿದನೆಂದು ಕೊರೆದರೆ ಎರಗಿದನು. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಶಬ್ದದಿಂದ ಬಂದ ಅರ್ಥವು ಇಲ್ಲಿ ಪ್ರತ್ಯಕ್ಷದ ವೇಷವನ್ನು ಧರಿಸುತ್ತದೆ. ಓದಬಲ್ಲ ಕೆಲವರ ಸ್ವತ್ತಾಗಿದ್ದ ಗುರುಪರಂಪರೆಯು ಯಾತ್ರಿಕರೆಲ್ಲರ ಕಣ್ಣಿನ ಅನುಭವವಾಗುತ್ತದೆ. ಹಲವು ಪಾಠಗಳುಳ್ಳ ಕಥೆಗೆ ಜಾಲಂಧ್ರಗಳು ಒಂದು ನಿರ್ಣೀತ ಪಾಠವನ್ನು ಕೊಟ್ಟವು.

ಹಾಗಾದರೆ ಅವುಗಳ ಸಾಕ್ಷ್ಯಕ್ಕೆ ಬೆಲೆಯೆಷ್ಟು? ಮೌರ್ಯ ಚಂದ್ರಗುಪ್ತನ ಕಾಲಕ್ಕೂ ಈ ಕೆತ್ತನೆಯ ಕಾಲಕ್ಕೂ ನಡುವೆ ಸುಮಾರು ಸಾವಿರದ ನಾಲ್ಕುನೂರು ವರ್ಷಗಳ ಅಂತರ. ಕ್ರಿಸ್ತಪೂರ್ವದ ಘಟನೆಯನ್ನು ಸ್ಥಾಪಿಸುವುದಕ್ಕೆ ಹನ್ನೆರಡನೆಯ ಶತಮಾನದ ಕಲ್ಲನ್ನು ಸಾಕ್ಷಿಗೆ ಕರೆಯುವುದು ಸಾಧುವಲ್ಲ. ಆದರೆ ಅದೇ ಕಲ್ಲು ಹನ್ನೆರಡನೆಯ ಶತಮಾನದ ಸಂಘಕ್ಕೆ ಸಾಕ್ಷಿಯೆಂದು ತಿಳಿದರೆ ಅದಕ್ಕಿಂತ ವಿಶ್ವಾಸಾರ್ಹವಾದುದು ಮತ್ತೊಂದಿಲ್ಲ. ಏಕೆಂದರೆ ಆ ಸಂಘವು ತನ್ನನ್ನು ತಾನು ಏನೆಂದು ಭಾವಿಸಿತ್ತೋ ಅದನ್ನೇ, ತನ್ನ ಬೆಟ್ಟದಲ್ಲಿ, ತನ್ನ ಕಣ್ಣೆದುರಿಗೆ ಕೊರೆಯಿಸಿತು. ಈ ಭೇದವನ್ನು ಮರೆತುದರಿಂದಲೇ ಇಬ್ಬಗೆಯ ಅನ್ಯಾಯವು ನಡೆದಿದೆ. ಶ್ರದ್ಧಾವಂತರು ಜಾಲಂಧ್ರವನ್ನು ತೋರಿಸಿ "ಇನ್ನೇನು ಬೇಕು" ಎನ್ನುತ್ತಾರೆ. ಸಂಶಯಾತ್ಮರು ಕಾಲವನ್ನು ಎಣಿಸಿ "ಕಟ್ಟುಕಥೆ" ಎಂದು ಬೆನ್ನು ತಿರುಗಿಸುತ್ತಾರೆ. ಇಬ್ಬರೂ ಕಲ್ಲನ್ನು ನೋಡಲಿಲ್ಲ.

ನೋಡಿದವರಿಗೆ ಏನು ತೋರುವುದು? ವಾಚ್ಯಾರ್ಥವು ಭದ್ರಬಾಹುವಿನ ಚರಿತ್ರೆ. ವ್ಯಂಗ್ಯಾರ್ಥವು ಗುರು ಮತ್ತು ರಾಜರ ಸಂಬಂಧ. ಬೆಳ್ಗೊಳದ ಗುರುಗಳಲ್ಲಿ ತಾರ್ಕಿಕರಿದ್ದರು, ವೈಯಾಕರಣರಿದ್ದರು. ಅಕಲಂಕನ ವಾದವಿಜಯವು ಮಲ್ಲಿಷೇಣ ಪ್ರಶಸ್ತಿಯಲ್ಲಿಯೇ ವರ್ಣಿತವಾಗಿದೆ. ಹೀಗಿದ್ದೂ ಚಿತ್ರಮಾಲೆಗೆ ಆರಿಸಿಕೊಂಡುದು ಚಕ್ರವರ್ತಿಯೊಬ್ಬನು ಶಿಷ್ಯನಾದ ಕಥೆಯನ್ನು. ಆ ಶತಮಾನದ ಶಾಸನಗಳೊಡನೆ ಇದನ್ನಿಟ್ಟು ನೋಡಿದರೆ ಆಯ್ಕೆಯ ಔಚಿತ್ಯವು ತಿಳಿಯುತ್ತದೆ. ದಂಡನಾಯಕ ಗಂಗರಾಜನು ಶುಭಚಂದ್ರ ಸಿದ್ಧಾಂತದೇವನ ಶಿಷ್ಯ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯು ಪ್ರಭಾಚಂದ್ರ ಸಿದ್ಧಾಂತದೇವನ ಶಿಷ್ಯೆ. ಇದೇ ಬೆಟ್ಟದಲ್ಲಿ ೧೧೨೩ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ೧೧೩೧ರಲ್ಲಿ ಬೆಂಗಳೂರಿನ ಪಶ್ಚಿಮಕ್ಕಿರುವ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟವಳು. ಸಂಘವು ನಿಂತುದು ಇಂಥವರ ದಾನದ ಮೇಲೆ. ದಾನ ಕೊಡುವ ಕೈಯು ಮೇಲಿರುತ್ತದೆ, ಪಡೆಯುವ ಕೈಯು ಕೆಳಗಿರುತ್ತದೆ ಎಂಬುದು ಲೋಕದ ನ್ಯಾಯ. ಆ ನ್ಯಾಯವು ಇಲ್ಲಿ ಸಲ್ಲದು, ಇಲ್ಲಿ ಚಕ್ರವರ್ತಿಯೇ ಗುರುವಿನ ಸೇವೆಗೆ ನಿಂತಿದ್ದನು ಎಂಬುದನ್ನು ತೊಂಬತ್ತು ಫಲಕಗಳು ಮೃದುವಾಗಿ ನೆನಪುಮಾಡುತ್ತವೆ. ದಾನಿಗಳಿಗೆ ಅವಮಾನವಿಲ್ಲ, ಅವರು ಚಂದ್ರಗುಪ್ತನ ಸಾಲಿಗೆ ಸೇರಿದರು. ಸಂಘಕ್ಕೆ ದೈನ್ಯವಿಲ್ಲ, ಅದು ಭದ್ರಬಾಹುವಿನ ಸ್ಥಾನದಲ್ಲಿ ನಿಂತಿತು.

ಶಿಲ್ಪಿಯ ವಿಷಯವೂ ವಿಚಾರಾರ್ಹವಾದುದು. ಜಾಲಂಧ್ರದ ಮೇಲೆ ದಾಸೋಜನೆಂಬ ಹೆಸರು ಕೊರೆದಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕಾ ವಿಗ್ರಹಗಳಲ್ಲಿ ಕೆಲವನ್ನು ಮಾಡಿದ ಬಳ್ಳಿಗಾವೆಯ ದಾಸೋಜನೂ ಈತನೂ ಒಬ್ಬನೇ ಇರಬೇಕೆಂದು ವಿದ್ವಾಂಸರು ಊಹಿಸಿ, ಕೆತ್ತನೆಯ ಕಾಲವನ್ನು ಸುಮಾರು ೧೧೪೫ ಎಂದು ಎಣಿಸಿದ್ದಾರೆ. ಬಳ್ಳಿಗಾವೆಯು ಕಾಳಾಮುಖ ಶೈವರ ಕೋಡಿಯಮಠವಿದ್ದ ಊರು. ಆ ಮಠವು ತನ್ನ ಚಿತ್ರವನ್ನು ಮಾತಿನಲ್ಲಿ ಬರೆಯಿಸಿತು: ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಸ್ಥಾನವೆಂದೂ, ದೀನರಿಗೂ ಅಂಗಹೀನರಿಗೂ ಅನ್ನ ದೊರೆಯುವ ಸ್ಥಾನವೆಂದೂ, ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ೧೧೬೨ರ ಶಾಸನವು ಅದನ್ನು ವರ್ಣಿಸುತ್ತದೆ. ಊಹೆಯು ನಿಜವಾದಲ್ಲಿ, ಶೈವಮಠದ ಊರಿನ ಶಿಲ್ಪಿಯೊಬ್ಬನು ವೈಷ್ಣವ ದೇವಾಲಯಕ್ಕೆ ಮದನಿಕೆಯರನ್ನು ಕಡೆದು, ಅದೇ ಉಳಿಯಿಂದ ಜೈನಮುನಿಗಳ ಗುರುಚರಿತ್ರೆಯನ್ನು ಕೊರೆದನು. ಮತಗಳು ತಮ್ಮ ತಮ್ಮ ಪೂರ್ವೋತ್ತರವನ್ನು ಬೇರೆ ಬೇರೆಯಾಗಿ ಹೇಳಿಕೊಂಡರೂ ಹೇಳಿದ ಕೈ ಒಂದೇ ಆಗಿದ್ದಿತು.

ಕಲೆಯ ದೃಷ್ಟಿಯಿಂದ ಈ ಕೃತಿಯಲ್ಲಿ ಗುಣವೂ ಉಂಟು, ದೋಷವೂ ಉಂಟು. ಫಲಕಗಳು ಬಹಳ ಸಣ್ಣವು. ಬೇಲೂರಿನ ಮದನಿಕೆಯು ದೂರದಿಂದಲೇ ಕರೆದು ನಿಲ್ಲಿಸುವಂತೆ ಇವು ಕರೆಯವು. ಬಗ್ಗಿ ನೋಡಿದವನಿಗೆ ಮಾತ್ರ ದಕ್ಕುವುವು. ಕಥೆಯನ್ನು ಮೊದಲೇ ಅರಿಯದವನಿಗೆ ಯಾವ ಫಲಕದಿಂದ ಯಾವುದಕ್ಕೆ ಹೋಗಬೇಕೆಂಬುದು ತಿಳಿಯದು. ಮೂಡಣ ಜಾಲಂಧ್ರದಲ್ಲಿ ಸಾಲುಗಳ ಕ್ರಮವು ತಪ್ಪಿದೆ. ಕಲ್ಲುಗಳನ್ನು ಮುಂದೊಮ್ಮೆ ಬಿಚ್ಚಿ ಜೋಡಿಸಿದಾಗ ಹೀಗಾಗಿರಬೇಕೆಂದು ಶಾಸನಸಂಪುಟವನ್ನು ೧೯೨೩ರಲ್ಲಿ ಪರಿಷ್ಕರಿಸಿದ ಆರ್. ನರಸಿಂಹಾಚಾರ್ಯರ ಅಭಿಪ್ರಾಯ. ಹೇಳುವವನಿಲ್ಲದೆ ಈ ಚಿತ್ರವು ಅಪೂರ್ಣ. ಆದರೆ ಗುಣವೂ ಅದರಲ್ಲಿಯೇ ಅಡಗಿದೆ. ಉತ್ತರರಾಮಚರಿತದಲ್ಲಿ ಲಕ್ಷ್ಮಣನಿದ್ದಂತೆ ಇಲ್ಲಿ ಮುನಿಯೊಬ್ಬನು ಬಳಿಯಲ್ಲಿ ನಿಂತು ಬೆರಳಿಟ್ಟು ತೋರಿಸಬೇಕು. ತೋರಿಸುವಾಗಲೇ ಪರಂಪರೆಯು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿಯಬೇಕು. ಕಂಡಿಗಳ ಮೂಲಕ ಒಳಗೆ ಬರುವ ಬೆಳಕೆಲ್ಲ ಆ ಚರಿತ್ರೆಯ ನಡುವಿನಿಂದಲೇ ಹಾದು ಬರಬೇಕು. ಕಥೆ ನಡೆದುದೆಂದು ನಂಬಿದ ಬೆಟ್ಟದ ಮೇಲೆಯೇ ಕಥೆಯ ಚಿತ್ರವಿರುವುದರಿಂದ, ನೋಡುವವನು ಚಿತ್ರದ ಹೊರಗೆ ನಿಲ್ಲಲಾರನು.

ಇದಿರಿನ ದೊಡ್ಡಬೆಟ್ಟದಲ್ಲಿ ಇದಕ್ಕೆ ಪೂರಕವಾದ ಮತ್ತೊಂದು ನಿದರ್ಶನವುಂಟು. ತ್ಯಾಗದ ಬ್ರಹ್ಮದೇವರ ಕಂಬದ ಪೀಠದಲ್ಲಿ ಚಾಮರಧಾರಿಗಳ ನಡುವೆ ಕುಳಿತ ಎರಡು ಆಕೃತಿಗಳು ಚಾವುಂಡರಾಯನವೂ ಆತನ ಗುರು ನೇಮಿಚಂದ್ರನವೂ ಎಂದು ಹೇಳುವ ವಾಡಿಕೆ. ಅದೇ ಕಂಬದ ಮೇಲೆ ಚಾವುಂಡರಾಯನ ಪರಾಕ್ರಮವನ್ನು ಹೇಳುವ ಶಾಸನವಿದ್ದಿತು. ಸುಮಾರು ೧೨೦೦ರಲ್ಲಿ ಹೆಗ್ಗಡೆ ಕಣ್ಣನೆಂಬವನು ಅದರ ಮೂರು ಮುಖಗಳನ್ನು ಅಳಿಸಿ, ತಾನು ಯಕ್ಷವಿಗ್ರಹವನ್ನು ಮಾಡಿಸಿದ ಸಂಗತಿಯನ್ನು ಎರಡೂವರೆ ಸಾಲಿನಲ್ಲಿ ಬರೆಯಿಸಿದನು. ಗೊಮ್ಮಟನನ್ನು ನಿಲ್ಲಿಸಿದ ಮಹಾಪುರುಷನ ಚರಿತ್ರೆಯ ಬಹುಭಾಗವು ಹೀಗೆ ನಷ್ಟವಾಯಿತು. ಅಕ್ಷರವನ್ನು ಅಳಿಸಿದ ಉಳಿಯು ಗುರುಶಿಷ್ಯರ ಆಕೃತಿಯನ್ನು ಮುಟ್ಟಲಿಲ್ಲ. ಕ್ಷೇತ್ರಕ್ಕೆ ಯಾವುದು ಪೂಜ್ಯ, ಯಾವುದು ಸಾಮಾನ್ಯವೆನಿಸಿತ್ತೆಂಬುದಕ್ಕೆ ಬೇರೆ ವ್ಯಾಖ್ಯಾನವು ಬೇಡ.

ದೇಶಾಂತರಗಳಲ್ಲಿಯೂ ಇದೇ ಮನೋಧರ್ಮವು ಕಾಣುತ್ತದೆ. ಇಟಲಿಯ ಮಾಂಟೆ ಕಸೀನೊ ಮಠಕ್ಕೆ ೧೦೫೮ರಿಂದ ೧೦೮೭ರವರೆಗೆ ಅಧಿಪತಿಯಾಗಿದ್ದ ದೆಸಿದೇರಿಯಸ್ ಎಂಬ ಗುರುವು, ಕಾಪುವಾ ಪಟ್ಟಣದ ಬಳಿಯ ಸಾಂತಾಂಜೆಲೊ ದೇವಾಲಯದ ಭಿತ್ತಿಚಿತ್ರದಲ್ಲಿ ತಾನು ಕಟ್ಟಿಸಿದ ಗುಡಿಯ ಪ್ರತಿಕೃತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಆತನ ತಲೆಯ ಹಿಂದಿನ ಪ್ರಭಾವಳಿಯು ಚೌಕವಾಗಿದೆ. ಗತಿಸಿದ ಸಂತರಿಗೆ ದುಂಡು ಪ್ರಭೆ, ಬದುಕಿರುವವರಿಗೆ ಚೌಕಪ್ರಭೆ ಎಂಬುದು ಅಲ್ಲಿನ ಸಂಪ್ರದಾಯ. ಬರೆಯುವಾಗ ಆತನು ಜೀವಿಸಿದ್ದನೆಂಬುದನ್ನು ಚಿತ್ರವೇ ನುಡಿಯುತ್ತದೆ. ಚರಿತ್ರಕಾರನಿಗೆ ಇದೊಂದು ದೊಡ್ಡ ಉಪಕಾರ. ಕನ್ನಡನಾಡಿನ ಗುರುಚಿತ್ರಗಳಲ್ಲಿ ಇಂಥ ಸಂಕೇತವು ರೂಢಿಗೆ ಬಾರದುದರಿಂದ ಎಷ್ಟೋ ವಿವಾದಗಳು ಬಗೆಹರಿಯದೆ ಉಳಿದಿವೆ.

ಅದಕ್ಕೆ ಹಂಪೆಯೇ ದೃಷ್ಟಾಂತ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಚಾವಣಿಯಲ್ಲಿ ಪಲ್ಲಕ್ಕಿಯನ್ನೇರಿದ ವಿದ್ಯಾರಣ್ಯರ ಮೆರವಣಿಗೆಯು ಬಣ್ಣದಲ್ಲಿ ಚಿತ್ರಿತವಾಗಿದೆ. ವಿಜಯನಗರದ ಸ್ಥಾಪನೆಗೆ ಯತಿಯೇ ಕಾರಣನೆಂಬ ನಂಬಿಕೆಯುಳ್ಳವರಿಗೆ ಅದು ಕಣ್ಣಾರೆ ಕಂಡ ಸಾಕ್ಷಿ. ಆದರೆ ಮಂಟಪವನ್ನು ಕಟ್ಟಿಸಿದವನು ಕೃಷ್ಣದೇವರಾಯ; ಅಲ್ಲಿನ ಶಾಸನದ ಕಾಲ ೧೫೧೦. ವಿದ್ಯಾರಣ್ಯರು ಸಿದ್ಧಿ ಹೊಂದಿದುದು ೧೩೮೬ರಲ್ಲಿ. ಚಿತ್ರವು ಎಷ್ಟೇ ಹಳೆಯದೆಂದರೂ ನೂರಿಪ್ಪತ್ತು ವರ್ಷಗಳ ಈಚಿನದು. ಇನ್ನೂ ಬಹಳ ಈಚಿನದೆಂದು ಹೇಳುವ ವಿದ್ವಾಂಸರೂ ಉಂಟು. ಇತ್ತ ೧೩೪೬ರಲ್ಲಿ ಹರಿಹರನೂ ಆತನ ಸಹೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದತ್ತಿಯಿತ್ತ ಶಾಸನವು ಸಮಕಾಲೀನವಾದುದು. ರಾಜ್ಯಕ್ಕೂ ಯತಿಪೀಠಕ್ಕೂ ಸಂಬಂಧವಿದ್ದಿತೆಂಬುದು ಶಾಸನದಿಂದಲೇ ಸಿದ್ಧ. ಆ ಸಂಬಂಧವನ್ನು ಮುಂದಿನ ತಲೆಮಾರುಗಳು ಹೇಗೆ ನೆನೆಯಲು ಬಯಸಿದವೆಂಬುದು ಚಿತ್ರದಿಂದ ಸಿದ್ಧ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಬೆಳ್ಗೊಳದ ಊರೊಳಗಿನ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಚರಿತ್ರೆಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವೂ ಉಂಟು. ದಾಸೋಜನ ಕಾಲಕ್ಕೂ ಇದಕ್ಕೂ ಆರು ಶತಮಾನಗಳಿಗೆ ಮಿಗಿಲಾದ ಅಂತರ. ಅಲ್ಲಿ ರಾಜನು ಕಿರೀಟವನ್ನಿಳಿಸಿ ಗುರುವಿನ ಹಿಂದೆ ನಡೆದನು. ಇಲ್ಲಿ ರಾಜನು ಸಿಂಹಾಸನದಲ್ಲಿ ಕುಳಿತೇ ಮಠದ ಗೋಡೆಯನ್ನು ಸೇರಿದನು. ಕಾಲವು ಮಾರ್ಪಟ್ಟಿತು, ಮಠಕ್ಕೂ ಅರಮನೆಗೂ ಇದ್ದ ಅಳತೆಯು ಮಾರ್ಪಟ್ಟಿತು. ಈ ಮಾರ್ಪಾಡನ್ನು ಯಾವ ಗ್ರಂಥವೂ ಇಷ್ಟು ನಿಚ್ಚಳವಾಗಿ ಹೇಳಿಲ್ಲ. ಮಠವು ತನ್ನ ವಿಷಯದಲ್ಲಿ ಹೇಳಿಕೊಂಡುದಕ್ಕಿಂತ ಹೆಚ್ಚನ್ನು ಅದರ ಚಿತ್ರಗಳು ಹೇಳಿಬಿಡುತ್ತವೆ.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮನೆಗಳಿಂದ ರಜೆಯ ದಿನಗಳಲ್ಲಿ ಬೆಳ್ಗೊಳಕ್ಕೆ ಹೋಗಿಬರುವವರು ಅನೇಕರು. ಅವರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನು ಹತ್ತಿ, ಗೊಮ್ಮಟನನ್ನು ಕಂಡು, ಹೊತ್ತಾಯಿತೆಂದು ಚಿಕ್ಕಬೆಟ್ಟವನ್ನು ಬಿಟ್ಟು ಮರಳುತ್ತಾರೆ. ಗೊಮ್ಮಟನನ್ನು ಕಾಣುವುದಕ್ಕೆ ಕಣ್ಣಿದ್ದರೆ ಸಾಕು. ಜಾಲಂಧ್ರಗಳನ್ನು ಕಾಣುವುದಕ್ಕೆ ಕಥೆಯೂ ತಾಳ್ಮೆಯೂ ಬೇಕು. ಮಕ್ಕಳಿಗೆ ಮೊದಲು ಕಥೆಯನ್ನು ಹೇಳಿ, ಬಳಿಕ ಆ ಕಲ್ಲಿನ ಮುಂದೆ ನಿಲ್ಲಿಸಿ, "ಇದನ್ನು ಕೊರೆದವರು ನಮಗೆ ಏನನ್ನು ತಿಳಿಸಲೆಳಸಿದರು" ಎಂದು ಕೇಳುವ ಹಿರಿಯರು ಮನೆಮನೆಯಲ್ಲಿಯೂ ಇರಬೇಕು. ಈ ಪ್ರಶ್ನೆಯಿಂದ ಭಕ್ತಿಗೆ ಕುಂದಿಲ್ಲ, ವಿವೇಕಕ್ಕೆ ಲಾಭವುಂಟು.

ಇನ್ನೊಂದು ಮಾತು. ಈಗಲೂ ನಗರದ ಮಠಗಳ ಸಭಾಂಗಣಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ಗುರುಪರಂಪರೆಯ ಚಿತ್ರಗಳನ್ನು ಬರೆಯಿಸುವುದುಂಟು. ಮುನ್ನೂರು ವರ್ಷಗಳ ಅನಂತರ ಅವೂ ಸಾಕ್ಷಿಗಳೆಂದು ಕರೆಸಿಕೊಳ್ಳುವುವು. ಬರೆಯಿಸುವ ಮಹನೀಯರು ಚಿತ್ರದ ಮೂಲೆಯಲ್ಲಿ ಬರೆದವನ ಹೆಸರನ್ನೂ ಬರೆದ ವರ್ಷವನ್ನೂ ಕಾಣಿಸುವುದಾದರೆ ಮುಂದಿನವರಿಗೆ ಜಗಳವು ತಪ್ಪುವುದು. ಹಳೆಯ ಚಿತ್ರವು ಮಾಸಿದೆಯೆಂದು ಅದರ ಮೇಲೆ ಹೊಸ ಬಣ್ಣವನ್ನು ಬಳಿಯಿಸುವ ಮುನ್ನ ಹೆಗ್ಗಡೆ ಕಣ್ಣನನ್ನು ಒಮ್ಮೆ ನೆನೆಯುವುದೂ ಒಳ್ಳೆಯದು. ದಾಸೋಜನು ತನ್ನ ಹೆಸರಿನ ಮೂರೇ ಅಕ್ಷರಗಳನ್ನು ಕೊರೆದುದರಿಂದ ತೊಂಬತ್ತು ಫಲಕಗಳಿಗೆ ಕಾಲವೊಂದು ದೊರೆಯಿತು. ಅಷ್ಟು ಪ್ರಾಮಾಣಿಕತೆಯನ್ನು ಕಲಾವಿದರಿಂದಲೂ ಅವರಿಗೆ ಆಶ್ರಯವೀಯುವ ಪೀಠಗಳಿಂದಲೂ ಸಹೃದಯಲೋಕವು ನಿರೀಕ್ಷಿಸುವುದು ಅತಿಯಾಶೆಯಾಗಲಾರದು.